ಗುರುತು ಮರೆತ ಅಕ್ಷರಗಳು

ಬಡಾವಣೆಯ ಗ್ರಂಥಾಲಯದ ಗ್ರಂಥಪಾಲಕಿಗೆ ಪುಸ್ತಕದ ವಿಷಯದಲ್ಲಿ ಮೇಲುಕೀಳೆಂಬುದೇ ಇರಲಿಲ್ಲ. ಬಾವಿ ತೋಡುವ ಕೈಪಿಡಿಯನ್ನು ಎಷ್ಟು ಆಸೆಯಿಂದ ಓದುತ್ತಿದ್ದಳೋ ಪ್ರೇಮಕವನಗಳನ್ನೂ ಅಷ್ಟೇ ಆಸೆಯಿಂದ ಓದುತ್ತಿದ್ದಳು. ಪಾರಿವಾಳ ಸಾಕುವ ಬಗ್ಗೆ ಅವಳ ಹತ್ತಿರ ಮೂರು ಪುಸ್ತಕಗಳಿದ್ದವು. ಪಾರಿವಾಳ ಒಂದೂ ಇರಲಿಲ್ಲ. ದೆವ್ವದ ಕಥೆಗಳ ಪಕ್ಕದಲ್ಲಿ ವ್ಯಾಕರಣ, ಅದರ ಪಕ್ಕದಲ್ಲಿ ಹಿಮದಲ್ಲಿ ದಾರಿ ತಪ್ಪಿದವರ ಅನುಭವ, ಆಮೇಲೆ ಬಾಡಿಗೆದಾರರ ಕಾನೂನು. ಹಗಲೆಲ್ಲ ಊರವರ ಪುಸ್ತಕಗಳ ನಡುವೆ ಕೂತು, ಸಂಜೆ ಮನೆಗೆ ಬಂದು ತನ್ನ ಪುಸ್ತಕಗಳ ನಡುವೆ ಕೂರುವವಳು ಅವಳು.

ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಫ್ರಿಜ್ಜಿನ ಮೇಲೆ ಪುಸ್ತಕ, ಮಂಚದ ಕೆಳಗೆ ಪುಸ್ತಕ, ಡಬ್ಬಿಗಳಿರಬೇಕಾದ ಅಟ್ಟದ ಮೇಲೂ ಪುಸ್ತಕ. ಕಪಾಟುಗಳನ್ನೆಲ್ಲ ಗಂಡನೇ ಮಾಡಿದ್ದ. ಅವನು ಲಿಫ್ಟ್ ಮೆಕ್ಯಾನಿಕ್. ಹಳೆಯ ಲಿಫ್ಟುಗಳನ್ನು ಕಳಚಿದಾಗ ಒಳಗಿನ ಹಲಗೆಗಳನ್ನು ಹೊತ್ತು ತಂದು, ಗೊಣಗುತ್ತಲೇ ಮೊಳೆ ಹೊಡೆಯುತ್ತಿದ್ದ. ಒಂದೆರಡು ಹಲಗೆಗಳ ಮೇಲೆ ‘ಆರು ಜನರಿಗೆ ಮಾತ್ರ’ ಎಂಬ ಬರಹ ಇನ್ನೂ ಇತ್ತು.

"ನಾಳೆ ನಾನು ಸತ್ರೆ ಎಲ್ಲಿ ಮಲಗಿಸ್ತೀಯೇ? ನೆಲವೇ ಕಾಣಲ್ಲ," ಎನ್ನುತ್ತಿದ್ದ.

"ದಪ್ಪ ಪುಸ್ತಕಗಳ ಸಾಲಲ್ಲಿ ನಿಲ್ಲಿಸ್ತೀನಿ ಬಿಡಿ," ಎನ್ನುತ್ತಿದ್ದಳು ಅವಳು.

ಮುಂದಿನ ಕೋಣೆಯಲ್ಲಿ ಅತ್ತೆಯ ಮಂಚ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅತ್ತೆ ಎದ್ದು ಓಡಾಡಿದ್ದೇ ಕಡಿಮೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಪತ್ತೇದಾರಿ ಕಾದಂಬರಿಯೆಂದರೆ ಪ್ರಾಣ. ದಿನಾ ಸಂಜೆ ಸೊಸೆ ಓದಬೇಕು, ಅತ್ತೆ ಕೇಳಬೇಕು. ಎರಡನೇ ಅಧ್ಯಾಯಕ್ಕೇ ಕೊಲೆಗಾರ ಇಂಥವನೇ ಎಂದು ತೀರ್ಪು ಕೊಟ್ಟುಬಿಡುವಳು. ಕೊನೆಗೆ ಬೇರೆಯವನು ಸಿಕ್ಕಿಬಿದ್ದರೆ, "ಬರೆದೋನಿಗೆ ಬುದ್ಧಿ ಇಲ್ಲ," ಎಂದು ಮುಖ ಊದಿಸಿಕೊಳ್ಳುವಳು.

ಹೀಗಿರುವಾಗ ಒಂದು ಬೆಳಗ್ಗೆ ಗ್ರಂಥಪಾಲಕಿ ತಲೆಯ ಹಿಂಭಾಗದಲ್ಲಿ ಏನೋ ಹಿಡಿದುಕೊಂಡಂಥ ನೋವಿನಿಂದ ಎದ್ದಳು. ಚಹಾ ಮಾಡಿ, ಪೇಪರ್ ಬಿಡಿಸಿದಳು. ಪೇಪರಿನಲ್ಲಿದ್ದದ್ದು ಅವಳಿಗೆ ಗೊತ್ತಿರುವ ಲಿಪಿಯಾಗಿರಲಿಲ್ಲ. ಸುತ್ತುಗಳಿದ್ದವು, ಕೊಂಡಿಗಳಿದ್ದವು, ಮೇಲೊಂದು ಕೆಳಗೊಂದು ಬಾಲಗಳಿದ್ದವು. ಎಲ್ಲ ಸ್ಪಷ್ಟವಾಗಿಯೇ ಕಾಣುತ್ತಿದ್ದವು, ಮಸುಕೇನೂ ಇಲ್ಲ. ಆದರೆ ಒಂದೂ ಬಾಯಿ ಬಿಡಲಿಲ್ಲ. ಪ್ರೆಸ್ಸಿನವರು ಏನೋ ಎಡವಟ್ಟು ಮಾಡಿರಬೇಕು ಅಂದುಕೊಂಡಳು.

"ರೀ, ಇವತ್ತು ಪೇಪರ್ ಸರಿಯಾಗಿ ಬಂದಿದೆಯಾ ನೋಡಿ."

ಗಂಡ ಬೂಟಿನ ದಾರ ಕಟ್ಟುತ್ತಲೇ ಬಗ್ಗಿ ನೋಡಿದ. "ದಿನಾ ಬರೋ ಸುಳ್ಳೇ ಇದೆಯಲ್ಲ. ಏನಾಯ್ತು?"

"ಏನಿಲ್ಲ."

ಅವಳು ಪೇಪರ್ ಮಡಿಸಿಡಲು ಹೋದಾಗ ಬಲಗಡೆ ಇದ್ದ ಲೋಟ ಕಾಣದೆ ಕೈ ತಾಗಿ ಉರುಳಿತು. ನೆಲ ಒರೆಸಿ ಎದ್ದವಳು ಕಪಾಟಿನತ್ತ ತಿರುಗಿದಳು. ಇಷ್ಟು ವರ್ಷ ಹೆಸರು ಹಿಡಿದು ಕರೆದಂತೆ ಇದಿರು ನಿಲ್ಲುತ್ತಿದ್ದ ಪುಸ್ತಕಗಳ ಬೆನ್ನುಗಳೆಲ್ಲ ಈಗ ಸುಮ್ಮನಿದ್ದವು. ಹಸಿರು ದಪ್ಪನೆಯದು ಹಾವುಗಳ ಬಗ್ಗೆ, ಅಂಚು ಹರಿದದ್ದು ನಕ್ಷತ್ರಗಳ ಬಗ್ಗೆ ಎಂದು ನೆನಪಿನಿಂದ ಹೇಳಬಲ್ಲಳು. ಬೆನ್ನಿನ ಮೇಲೆ ಬರೆದದ್ದನ್ನು ಓದಲಾರಳು.

ಆದರೂ ಕೆಲಸಕ್ಕೆ ಹೋದಳು. ನಿದ್ದೆ ಕಡಿಮೆಯಾಗಿರಬೇಕು, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹಾಜರಿ ಪುಸ್ತಕದಲ್ಲಿ ಕೈ ತಾನಾಗಿಯೇ ಸಹಿ ಮಾಡಿತು. ಸದ್ಯ, ಬರೆಯಲು ಬರುತ್ತದಲ್ಲ ಎಂದು ಜೀವ ಬಂದಂತಾಗಿ, ಒಂದು ಹಾಳೆ ಎಳೆದುಕೊಂಡು ‘ನನಗೆ ಏನೂ ಆಗಿಲ್ಲ’ ಎಂದು ಬರೆದಳು. ಸರಾಗವಾಗಿಯೇ ಬರೆದಳು. ಪೆನ್ನು ಕೆಳಗಿಟ್ಟು ನೋಡಿದರೆ, ತಾನು ಈಗಷ್ಟೇ ಬರೆದದ್ದು ತನಗೇ ಓದಲು ಬರಲಿಲ್ಲ. ಯಾರೋ ಬೇರೆಯವರು ಬೇರೆ ಯಾರಿಗೋ ಬರೆದಂತಿತ್ತು. ಹಾಳೆಯನ್ನು ಚೂರು ಮಾಡಿ ಚೀಲಕ್ಕೆ ಹಾಕಿಕೊಂಡಳು.

ಒಂದೇ ಪುಣ್ಯವೆಂದರೆ ಅಂಕಿಗಳು ಅವಳ ಕೈ ಬಿಟ್ಟಿರಲಿಲ್ಲ. ಗ್ರಂಥಾಲಯದ ಪ್ರತಿ ಪುಸ್ತಕದ ಬೆನ್ನಿಗೂ ಅದರ ವಿಷಯದ ಸಂಖ್ಯೆಯ ಚೀಟಿ ಅಂಟಿಸಿರುತ್ತದೆ. ಆ ಸಂಖ್ಯೆಗಳನ್ನು ಹಿಡಿದುಕೊಂಡು, ಕುರುಡರು ಗೋಡೆ ಸವರಿಕೊಂಡು ನಡೆಯುವಂತೆ, ಅವಳು ದಿನ ದೂಡತೊಡಗಿದಳು. ಯಾರಾದರೂ ಪುಸ್ತಕ ಕೇಳಿದರೆ ನೆನಪಿನಿಂದಲೇ ಜಾಗ ಹೇಳುವಳು. ಕಾಗದಪತ್ರ ಬಂದರೆ ಸಹಾಯಕಿಯ ಕೈಗೆ ಕೊಟ್ಟು, "ಗಟ್ಟಿಯಾಗಿ ಓದಮ್ಮ, ಕನ್ನಡಕ ಸರಿ ಇಲ್ಲ," ಎನ್ನುವಳು.

"ಮೊನ್ನೆಯಿಂದ ಹೇಳ್ತಿದೀರಿ ಮೇಡಂ, ಬದಲಾಯಿಸಬಾರದಾ?" ಎಂದಳು ಸಹಾಯಕಿ.

"ಬದಲಾಯಿಸ್ತೀನಿ."

ನಿಜಕ್ಕೂ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳಿಗೆ ಕೋಲು ತೋರಿಸಿದರು. ಅವಳು ಬಾಯಿ ಬಿಡಲಿಲ್ಲ. ದೊಡ್ಡ ಅಕ್ಷರಕ್ಕೆ ಬಂದರು, ಇನ್ನೂ ದೊಡ್ಡದಕ್ಕೆ ಬಂದರು. ಕೊನೆಗೆ ಕೋಲು ಕೆಳಗಿಟ್ಟು, ಕಣ್ಣಿಗೆ ದೀಪ ಬಿಟ್ಟು, ಬೆರಳು ಆಡಿಸಿ ನೋಡಿದರು. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲಮ್ಮ. ಆದರೆ ಬಲಗಡೆಯ ನೋಟ ಎರಡು ಕಣ್ಣಿಗೂ ಸ್ವಲ್ಪ ಹೋಗಿದೆ. ಇದು ತಲೆ ಒಳಗಿನ ವಿಷಯ. ನರದ ಡಾಕ್ಟರ ಹತ್ತಿರ ಇವತ್ತೇ ಹೋಗಿ. ಮನೆಯವರನ್ನೂ ಕರ್ಕೊಂಡು ಹೋಗಿ," ಎಂದರು.

ಅವಳು ಹೋಗಲಿಲ್ಲ. ಹೋದರೆ ಅದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದರೆ ಅದು ನಿಜವಾಗುತ್ತದೆ ಎಂಬ ಭಯ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಎಂಬುದು ಅವಳಿಗೂ ಗೊತ್ತಿತ್ತು.

ಆ ಭಾನುವಾರ ಗಂಡ ಯಾವುದೋ ಆಸ್ಪತ್ರೆಯ ಲಿಫ್ಟು ಕೆಟ್ಟಿದೆಯೆಂದು ಓಡಿದ್ದ. ಅತ್ತೆಗೆ ಮಧ್ಯಾಹ್ನದ ನಿದ್ದೆ. ಗ್ರಂಥಪಾಲಕಿ ಒಳಕೋಣೆಯ ಬಾಗಿಲು ಹಾಕಿಕೊಂಡು ಕಪಾಟಿನ ಮುಂದೆ ಕೂತಳು. ಯಾವುದಾದರೂ ಒಂದು ಬಗೆಯ ಪುಸ್ತಕ ಇನ್ನೂ ತನ್ನನ್ನು ಒಳಗೆ ಬಿಟ್ಟುಕೊಳ್ಳಬಹುದು ಎಂಬ ಹುಚ್ಚು ಆಸೆ. ಮೊದಲು ಕವನ ತೆಗೆದಳು, ಬಾಯಿಪಾಠ ಇದ್ದದ್ದು. ನಾಲಿಗೆಯ ಮೇಲೆ ಸಾಲು ಬಂತು, ಆದರೆ ಪುಟದ ಮೇಲೆ ಅದು ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಮಕ್ಕಳ ಪುಸ್ತಕ ತೆಗೆದಳು. ಆನೆಯ ಚಿತ್ರ ಆನೆಯಾಗಿಯೇ ಇತ್ತು. ಅದರ ಕೆಳಗಿನ ಎರಡಕ್ಷರ ಆನೆಯಾಗಿರಲಿಲ್ಲ. ಇಂಗ್ಲಿಷ್ ನಿಘಂಟು ತೆಗೆದಳು, ಅಲ್ಲೂ ಅಷ್ಟೇ. ಬಾವಿಯ ಕೈಪಿಡಿ, ಪಾರಿವಾಳ, ಕಾನೂನು, ದೆವ್ವ. ಒಂದೊಂದನ್ನೂ ತೆಗೆದು, ನಡುವೆ ಬಿಡಿಸಿ, ಬೆಳಕಿಗೆ ಹಿಡಿದು, ಕೆಳಗಿಟ್ಟು, ಇನ್ನೊಂದು. ಕೊನೆಕೊನೆಗೆ ಬಿಡಿಸುವ ತಾಳ್ಮೆಯೂ ಹೋಗಿ, ಕಳೆದುಹೋದ ಬೀಗದ ಕೈ ಹುಡುಕುವವಳಂತೆ ಬಾಚಿ ಬಾಚಿ ಎಳೆದಳು. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಕಪಾಟುಗಳು ಬರಿದಾಗಿ, ಅವಳು ಮಂಡಿಯವರೆಗಿನ ರಾಶಿಯ ನಡುವೆ ಕೂತಿದ್ದಳು. ಅತ್ತೆಗೆ ಎಚ್ಚರವಾದೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಗಂಡ ಬಂದು ಬಾಗಿಲು ತೆರೆದು ದಂಗಾದ. "ಏನೇ ಇದು?"

"ಧೂಳು ಹೊಡೀತಿದ್ದೆ."

ಅವಳ ಕೆಂಪಾದ ಕಣ್ಣನ್ನು ಅವನು ಧೂಳಿನ ಲೆಕ್ಕಕ್ಕೆ ಬರೆದುಕೊಂಡು, ತೋಳು ಮಡಿಸಿ ಜೊತೆಗೆ ಜೋಡಿಸತೊಡಗಿದ. "ಇದು ಎಲ್ಲಿ?" "ಇದು ಎಲ್ಲಿ?" ಎಂದು ಒಂದೊಂದನ್ನೂ ಎತ್ತಿ ಕೇಳುತ್ತಿದ್ದ. ಅವಳು ಬಣ್ಣ ನೋಡಿ ಜಾಗ ಹೇಳುತ್ತಿದ್ದಳು. ಒಂದೇ ಬಣ್ಣದವು ಬಂದಾಗ, "ಎಲ್ಲಾದರೂ ಇಡಿ," ಎಂದಳು. ಅಷ್ಟು ವರ್ಷದಲ್ಲಿ ಆ ಮಾತನ್ನು ಅವನು ಅವಳ ಬಾಯಲ್ಲಿ ಕೇಳಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಸಂಜೆಗಳು. ಆಗ ನಡೆಯುತ್ತಿದ್ದದ್ದು ಒಂದು ಹೋಟೆಲಿನ ಕಥೆ. ಮ್ಯಾನೇಜರ್ ಕೊಲೆಯಾಗಿದ್ದ, ಹಾಡುವವಳೊಬ್ಬಳು, ಮ್ಯಾನೇಜರನ ತಮ್ಮ, ಒಬ್ಬ ಡ್ರೈವರ್, ಇಷ್ಟು ಜನರ ಮೇಲೆ ಅನುಮಾನ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಮೊದಲ ಎರಡು ದಿನ ತಲೆನೋವೆಂದು ತಪ್ಪಿಸಿಕೊಂಡಳು. ಮೂರನೆಯ ದಿನ ಅತ್ತೆ, "ನನ್ನ ಉಸಿರಿನ ಗ್ಯಾರಂಟಿ ಇಲ್ಲ ಹುಡುಗಿ, ಕೊಲೆ ಮಾಡಿದೋನು ಯಾರೂಂತ ತಿಳ್ಕೊಂಡೇ ಹೋಗ್ಬೇಕು," ಎಂದು ಹಟ ಹಿಡಿದಳು. ಸೊಸೆ ಪುಸ್ತಕ ಬಿಡಿಸಿಕೊಂಡು ಕೂತು, ಬಾಯಿಗೆ ಬಂದದ್ದು ಕಟ್ಟಿ ಹೇಳತೊಡಗಿದಳು. ಡ್ರೈವರ್ ಪೊಲೀಸರ ಮುಂದೆ ಏನೋ ಗುಟ್ಟು ಬಿಡುವ ಹಾಗೆ ಮಾಡಿದಳು.

"ಆ ಡ್ರೈವರ್ ಹೋದ ವಾರವೇ ರೈಲಿಗೆ ಸಿಕ್ಕಿ ಸತ್ತನಲ್ಲ?"

"ಅದು ಬೇರೆ ಡ್ರೈವರ್ ಅತ್ತೆ."

"ಓಹೋ. ಹೋಟೆಲಿಗೆ ಎಷ್ಟು ಕಾರು?"

ಹೀಗೆ ನಾಲ್ಕಾರು ಸಂಜೆ ನಡೆಯಿತು. ಕಥೆ ಸಿಕ್ಕುಸಿಕ್ಕಾಗಿ, ಸತ್ತವರು ಎದ್ದು ಬಂದು, ಹಾಡುವವಳಿಗೆ ಇಬ್ಬರು ತಾಯಂದಿರಾದರು. ಒಂದು ದಿನ ಅತ್ತೆ ಕೈ ಚಾಚಿ ಪುಸ್ತಕದ ಮೇಲಿಟ್ಟಳು. ಅವಳ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಗಿತ್ತು, ಕಿವಿ ಮಾತ್ರ ಚುರುಕು.

"ನೀನು ಓದ್ತಾ ಇಲ್ಲ ಹುಡುಗಿ. ಹೇಳ್ತಾ ಇದೀಯ. ಓದುವಾಗ ನೀನು ಉಸಿರು ತಗೊಳ್ಳೋ ಜಾಗವೇ ಬೇರೆ."

ಸೊಸೆ ಪುಸ್ತಕ ಮುಚ್ಚಿದಳು. ಆಮೇಲೆ, "ಅತ್ತೆ, ನನಗೆ ಓದಕ್ಕೆ ಬರ್ತಿಲ್ಲ," ಎಂದಳು. "ಅಕ್ಷರ ಕಾಣ್ತಾವೆ. ಏನಂತ ಗೊತ್ತಾಗಲ್ಲ. ಎಲ್ಲಾ ಹೋಯ್ತು."

ಅತ್ತೆ ಮೊದಲು ನಕ್ಕಳು. ಆಮೇಲೆ ಸೊಸೆಯ ಕೈ ತಡವಿ, ನಗು ನಿಲ್ಲಿಸಿದಳು. ಸಮಾಧಾನ ಹೇಳಬೇಕೆನಿಸಿತೇನೋ. "ನಾನು ಹುಟ್ಟಿದಾಗಿಂದ ಓದದೇ ಬದುಕಿಲ್ವಾ? ಏನಾಯ್ತು ಈಗ? ಉಂಡೆ, ಉಟ್ಟೆ, ಮಗನ್ನ ಸಾಕಿದೆ."

"ನಿಮ್ಮದು ಹಸಿವೇ ಕಾಣದ ಹೊಟ್ಟೆ ಅತ್ತೆ," ಎಂದುಬಿಟ್ಟಳು ಸೊಸೆ. "ನನ್ನದು ದಿನಾ ಉಂಡದ್ದು. ನಿಮಗೆ ಹೇಗೆ ಗೊತ್ತಾಗ್ಬೇಕು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಗ ಬಂದಾಗ ಎರಡೇ ಮಾತಲ್ಲಿ ವಿಷಯ ಹೇಳಿ, "ನಾಳೆ ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು," ಎಂದಳು.

ಗಂಡ ಕೂಗಾಡಲಿಲ್ಲ. ಟೂಲ್ ಬ್ಯಾಗನ್ನು ಹೆಗಲಿಂದ ಇಳಿಸದೆ ನಿಂತೇ ಇದ್ದ. "ಹಗ್ಗ ಸವೆದಿರೋ ಲಿಫ್ಟಲ್ಲಿ ಇಷ್ಟು ದಿನ ಓಡಾಡಿದೀಯ. ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದ.

ನರದ ಡಾಕ್ಟರು ತಲೆಯ ಚಿತ್ರ ತೆಗೆಸಿ ತೋರಿಸಿದರು. ಎಡಗಡೆ ಹಿಂದೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು, ಕಂಡದ್ದನ್ನು ಮಾತಿಗೆ ಮುಟ್ಟಿಸುವ ದಾರಿ ಕಡಿದುಹೋಗಿತ್ತು. ಬರೆಯುವ ದಾರಿ ಬೇರೆ, ಅದಕ್ಕೆ ಪೆಟ್ಟಾಗಿರಲಿಲ್ಲ. ಇನ್ನೊಂದು ಸಲ ಹೀಗಾಗದಂತೆ ಮಾತ್ರೆ ಬರೆದರು.

"ಓದು ವಾಪಸ್ ಬರುತ್ತಾ?" ಎಂದು ಅವಳು ಕೇಳಿದಳು.

"ಕೆಲವರಿಗೆ ಸ್ವಲ್ಪ ಬರುತ್ತೆ. ಮೊದಲಿನ ಹಾಗೆ ಅಂತ ನಾನು ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಬೇಗ ಬಂದಿದ್ರೂ ಇದು ಹೀಗೇ ಇರ್ತಿತ್ತೋ ಏನೋ. ಅದನ್ನ ಯೋಚಿಸ್ತಾ ಕೂರಬೇಡಿ."

ಅವಳು ಅದನ್ನೇ ಯೋಚಿಸುತ್ತ ಕೂತಳು.

ಗ್ರಂಥಾಲಯಕ್ಕೆ ಮತ್ತೆ ಒಂದೇ ಒಂದು ದಿನ ಹೋದಳು. ರಜೆಯ ಅರ್ಜಿ ಕೊಟ್ಟು ಬರುವುದಷ್ಟೇ ಕೆಲಸ. ಸಹಾಯಕಿ ಒಳಗೆ ಹೋಗಿದ್ದಾಗ, ವಾಚನಾಲಯಕ್ಕೆ ದಿನಾ ಬರುವ ನಿವೃತ್ತ ಪೋಸ್ಟ್‌ಮ್ಯಾನ್ ಒಂದು ಪ್ರಕಟಣೆ ಹಿಡಿದುಕೊಂಡು ಬಂದ. "ಕನ್ನಡಕ ಮನೇಲಿ ಬಿಟ್ಟು ಬಂದೆ. ನಮ್ಮ ಬೀದಿಗೆ ನೀರು ಯಾವಾಗ ನಿಲ್ಲಿಸ್ತಾರೆ, ಓದಿ ಹೇಳಿ."

"ಒಂದು ನಿಮಿಷ ಇರಿ, ನಮ್ಮ ಹುಡುಗಿ ಬರ್ತಾಳೆ."

"ಎರಡು ಸಾಲು ಓದಕ್ಕೆ ಹುಡುಗಿ ಯಾಕೆ? ನೀವೇನು ಇಲ್ಲಿ ಪುಸ್ತಕಕ್ಕೆ ಕಾವಲಾ?"

ಅವನು ಗೊಣಗುತ್ತ ಹೋದ. ಗ್ರಂಥಪಾಲಕಿ ಸಾಲು ಸಾಲು ಕಪಾಟುಗಳ ನಡುವೆ ನಿಂತು, ಅವನು ಹೇಳಿದ್ದೇ ಸರಿ, ಇನ್ನು ನಾನು ಇಲ್ಲಿ ಕಾವಲು ಮಾತ್ರ ಎಂದುಕೊಂಡಳು. ಅರ್ಜಿಯನ್ನು ಮೇಜಿನ ಮೇಲಿಟ್ಟು ಯಾರಿಗೂ ಹೇಳದೆ ಹೊರಟುಬಂದಳು.

ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: "ಈ ಪುಸ್ತಕಗಳನ್ನೆಲ್ಲ ಸಾಗಿಸಿಬಿಡಿ. ಯಾರಿಗಾದರೂ ಕೊಡಿ, ಸುಡಿ, ಏನಾದರೂ ಮಾಡಿ."

"ನಿನಗೆ ತಲೆ ಕೆಟ್ಟಿದೆ."

"ಹೌದು, ಕೆಟ್ಟಿದೆ. ಡಾಕ್ಟರೇ ಚಿತ್ರ ತೋರಿಸಿದ್ರಲ್ಲ. ಹಸಿದವಳನ್ನ ಊಟದ ಮನೇಲಿ ಬಾಯಿ ಕಟ್ಟಿ ಕೂರಿಸಿದ ಹಾಗಿದೆ ನನಗೆ. ಇಷ್ಟು ವರ್ಷ ನೀವೇ ತಾನೇ ಜಾಗ ಇಲ್ಲ, ಜಾಗ ಇಲ್ಲ ಅಂತಿದ್ದದ್ದು? ತಗೊಳ್ಳಿ, ಜಾಗ."

"ಅದು ಬಾಯಿಮಾತಿಗೆ ಹೇಳಿದ್ದು ಕಣೇ. ನಾನು ಹೊಡೆದ ಮೊಳೆ ನಾನು ಕೀಳಲ್ಲ."

ಅವಳು ಮನೆಯಲ್ಲಿದ್ದ ಹೊದಿಕೆ, ಹಳೆ ಸೀರೆಗಳನ್ನೆಲ್ಲ ತಂದು ಕಪಾಟುಗಳಿಗೆ ಇಳಿಬಿಟ್ಟು ಮುಚ್ಚಿದಳು. ಅಡುಗೆಮನೆಯ ಅಟ್ಟಕ್ಕೂ ಒಂದು ಟವಲ್ ಕಟ್ಟಿದಳು. ಮನೆ ಸಾವಾದ ಮನೆಯಂತೆ ಕಂಡಿತು. ಆ ಮೇಲೆ ಎಷ್ಟೋ ದಿನ ಅವಳು ಎದ್ದು ಅಡುಗೆ ಮಾಡಿ, ಅತ್ತೆಗೆ ಊಟ ಮಾಡಿಸಿ, ಕಿಟಕಿಯ ಹತ್ತಿರ ಕೂರುವುದು, ಮತ್ತೆ ಎದ್ದು ಅಡುಗೆ ಮಾಡುವುದು ಇಷ್ಟೇ. ಪುಸ್ತಕ ಓದುತ್ತಿದ್ದವಳಿಗೆ ಒಂದು ಸಂಜೆ ಎಷ್ಟು ಉದ್ದ ಇರುತ್ತದೆಂದು ಗೊತ್ತೇ ಇರಲಿಲ್ಲ. ಮೂರನೆಯ ಮಹಡಿಯಿಂದ ಕೆಳಗಿನ ರಸ್ತೆಯನ್ನು ಅವಳು ನೋಡುತ್ತಿದ್ದ ರೀತಿ ಗಂಡನಿಗೆ ಸರಿ ಕಾಣಲಿಲ್ಲ. ಒಂದು ದಿನ ಸದ್ದಿಲ್ಲದೆ ಕಿಟಕಿಗೆ ಕಬ್ಬಿಣದ ಪಟ್ಟಿ ಹೊಡೆದ.

ಮಾತು ಬಿಟ್ಟಿದ್ದ ಅತ್ತೆ ಒಂದು ಸಂಜೆ ತಾನಾಗಿ ಕರೆದಳು. "ಹುಡುಗಿ, ಇಲ್ಲಿ ಬಾ. ಆ ಹೋಟೆಲಿನ ಪುಸ್ತಕ ತಗೊಂಡು ಬಾ."

"ಅತ್ತೆ, ಗೊತ್ತಿದ್ದೂ ಯಾಕೆ..."

"ಓದು ಅಂದ್ನಾ ನಾನು? ತಗೊಂಡು ಬಾ ಅಂದೆ." ಪುಸ್ತಕ ಬಂದ ಮೇಲೆ ಅತ್ತೆ ಅಂಗೈ ಚಾಚಿದಳು. "ಕಾಣ್ತದೆ ಅಂತೀಯಲ್ಲ. ನನಗೆ ಅದೂ ಇಲ್ಲ. ಅಕ್ಷರ ಹೇಗಿರ್ತದೆ ಅಂತ ನನಗೆ ಯಾವತ್ತೂ ಯಾರೂ ತೋರಿಸಿಲ್ಲ. ಮೊದಲನೇದು ಹೇಗಿದೆ, ನನ್ನ ಕೈ ಮೇಲೆ ಗೀಚು ನೋಡೋಣ."

ಸೊಸೆಗೆ ರೇಗಿತು. ಆದರೆ ಆಡಿದ ಮಾತಿನ ಋಣ ಒಂದು ಇತ್ತಲ್ಲ. ಅತ್ತೆಯ ಅಂಗೈ ಹಿಡಿದು, ಕಂಡ ಗೆರೆಯನ್ನು ಕಂಡ ಹಾಗೇ ಬೆರಳಿನಿಂದ ಎಳೆದಳು. ಒಂದು ಸುತ್ತು, ಪಕ್ಕದಲ್ಲಿ ಇನ್ನೊಂದು ಸುತ್ತು, ನಡುವೆ ಅಡ್ಡಗೆರೆ, ತಲೆಯ ಮೇಲೆ ತಲೆಕಟ್ಟು. ಬೆರಳು ತಲೆಕಟ್ಟಿನ ಕೊನೆ ಮುಟ್ಟುವಾಗ ಬಾಯಿ ತಾನಾಗಿಯೇ, "ಕ," ಎಂದಿತು.

ಅವಳು ಪುಟ ನೋಡಿದಳು, ಅಲ್ಲಿ ಅದೇ ಗುರುತಿಲ್ಲದ ಕೊಂಡಿ. ಮತ್ತೆ ಎಳೆದಳು. ಕ. ಕೈಗೆ ಗೊತ್ತಿತ್ತು. ಕಣ್ಣಿಗೆ ತಿಳಿಯದ್ದನ್ನು ಕೈ ಬರೆಯುತ್ತ ಬರೆಯುತ್ತ ಹೇಳಿಕೊಡುತ್ತಿತ್ತು. ಮುಂದಿನದು ಎಳೆದಳು, ತಪ್ಪಿತು, ಮತ್ತೆ ಎಳೆದಳು. ಟ. ಅದರ ಮುಂದಿನದು ಅತ್ತೆಯ ಮಣಿಕಟ್ಟಿನವರೆಗೂ ಹೋಯಿತು. ಬಹಳ ಹೊತ್ತು ಹಿಡಿದು, ಕಿ. ಬಾಯಿಯೊಳಗೆ ಮೂರನ್ನೂ ಕೂಡಿಸಿ, "ಕಿಟಕಿ" ಎನ್ನುವಾಗ, ಮೊದಲ ಅಕ್ಷರಕ್ಕೆ ಗುಡಿಸಿನ ಬದಲು ತಲೆಕಟ್ಟು ಎಳೆದದ್ದೂ ಗೊತ್ತಾಯಿತು.

"ಕಿಟಕಿ," ಎಂದಳು ಅತ್ತೆ. "ಕಿಟಕಿಗೆ ಏನಾಯ್ತು?"

"ತಡೀರಿ ಅತ್ತೆ."

ಕತ್ತಲಾಗುವವರೆಗೂ ಕೂತರು. ಸಿಕ್ಕಿದ್ದು ಒಂದೇ ವಾಕ್ಯ: ಕಿಟಕಿ ಒಳಗಿನಿಂದ ಮುಚ್ಚಿತ್ತು. ವಾಕ್ಯ ಮುಗಿಯುವ ಹೊತ್ತಿಗೆ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು, ಅತ್ತೆಯ ಅಂಗೈ ಕೆಂಪಾಗಿತ್ತು. ಖುಷಿಯಾಯಿತೇ ಎಂದು ಕೇಳಿದರೆ ಅವಳು ಇಲ್ಲ ಎನ್ನುತ್ತಿದ್ದಳೇನೋ. ಒಂದು ಕಾಲಕ್ಕೆ ಒಂದು ಸಂಜೆಗೆ ಒಂದು ಪುಸ್ತಕ ಮುಗಿಸುತ್ತಿದ್ದವಳು ಅವಳು. ಹೊದಿಕೆಯ ಹಿಂದಿರುವುದನ್ನೆಲ್ಲ ಹೀಗೆ ಬೆರಳಿನಿಂದ ಗೀಚಿ ಓದಲು ಏಳು ಜನ್ಮ ಬೇಕಾದೀತು. ಸಮುದ್ರ ಕಳೆದುಕೊಂಡವಳಿಗೆ ಯಾರೋ ಒಂದು ಚಮಚ ನೀರು ಕೊಟ್ಟಂತಿತ್ತು. ಆದರೂ ಮಾರನೆಯ ಸಂಜೆ ಅತ್ತೆ ಕರೆಯುವ ಮೊದಲೇ ಬಂದು ಕೂತಳು.

ರಜೆ ಮುಗಿದ ಮೇಲೆ ಮುಖ್ಯ ಕಚೇರಿಯವರು ಅವಳನ್ನು ಕರೆಸಿಕೊಂಡರು. ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ಎಳೆದುಕೊಟ್ಟು, ನೀರು ತರಿಸಿ, ಆಮೇಲೆ ವಿಷಯಕ್ಕೆ ಬಂದರು. ಓದಲು ಬಾರದ ಗ್ರಂಥಪಾಲಕಿಯನ್ನು ಇಟ್ಟುಕೊಳ್ಳುವ ನಿಯಮ ಯಾವುದೂ ಇರಲಿಲ್ಲ. ಅನಾರೋಗ್ಯದ ಮೇಲೆ ನಿವೃತ್ತಿ ಎಂದು ಬರೆದಿದ್ದರು. "ಓದಿಕೊಂಡು ಸಹಿ ಮಾಡಿ," ಎಂದು ಅಭ್ಯಾಸಬಲದಿಂದ ಹೇಳಿ, ನಾಲಿಗೆ ಕಚ್ಚಿಕೊಂಡರು. ಅವಳು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಮೇಜಿನ ಕೆಳಗೆ ಬೆರಳು ಆಡಿಸುತ್ತ, ಮೊದಲ ಸಾಲಿನ ಅರ್ಧದವರೆಗೆ ಹೋದಳು. ಅಧಿಕಾರಿ ಗಡಿಯಾರ ನೋಡಲಿಲ್ಲ, ಆದರೆ ನೋಡದಿರಲು ಪ್ರಯತ್ನಪಡುತ್ತಿದ್ದುದು ಅವಳಿಗೆ ಕಂಡಿತು. ಉಳಿದದ್ದನ್ನು ಬಿಟ್ಟು ಸಹಿ ಮಾಡಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಎಡಗಡೆಯ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ಅಂಗಡಿಗಳ ಬೋರ್ಡುಗಳು ಒಂದರ ಹಿಂದೊಂದು ಓಡುತ್ತಿದ್ದವು. ಅವಳು ಚೀಲದ ಮೇಲೆ ಬೆರಳಿಟ್ಟು, ಕಂಡ ಗೆರೆಯನ್ನು ಎಳೆಯತೊಡಗಿದಳು. ಎರಡಕ್ಷರ ಹಿಡಿಯುವಷ್ಟರಲ್ಲಿ ಬಸ್ಸು ಮುಂದೆ ಹೋಗುತ್ತಿತ್ತು. ‘ಬಟ’ ಎಂದು ಸಿಕ್ಕಿತು, ಅದು ಬಟ್ಟೆಯೋ ಬಟ್ಟಲೋ ತಿಳಿಯಲಿಲ್ಲ. ಇನ್ನೊಂದು ಕಡೆ ಬರೀ ‘ಔ’. ಅಡ್ಡ ರಸ್ತೆಯೊಂದರಲ್ಲಿ ಕೆಂಪು ದೀಪ ಬಿದ್ದು ಬಸ್ಸು ನಿಂತಾಗ ಅವಳು ಮುಂದೆ ಬಗ್ಗಿ, ಎದುರಿನ ಸಣ್ಣ ಬೋರ್ಡಿನ ಮೇಲೆ ಕಣ್ಣು ನೆಟ್ಟಳು. ಬೆರಳು ಓಡಿತು. ದೀಪ ಹಸಿರಾಗಬಾರದು, ಈಗಲೇ ಆಗಬಾರದು ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಛ, ತ್ರಿ. ಛತ್ರಿ. ರಿ, ಪೇ. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ರಿ.

"ಅಮ್ಮಾ, ನೀವು ಟಿಕೆಟ್ ತಗೊಂಡಿದ್ದ ಸ್ಟಾಪ್ ಹಿಂದೇನೇ ಹೋಯ್ತಲ್ಲ," ಎಂದ ಕಂಡಕ್ಟರ್, ಹತ್ತಿರ ಬಂದು.

"ಹೋಗ್ಲಿ ಬಿಡಪ್ಪ," ಎಂದಳು ಅವಳು ಬೋರ್ಡಿನಿಂದ ಕಣ್ಣು ತೆಗೆಯದೆ. "ಮುಂದೆ ಇಳ್ಕೊಂಡು ನಡೆದು ಹೋಗ್ತೀನಿ."

ಬಸ್ಸು ಹೊರಟಿತು. ನಾಲ್ಕು ಸ್ಟಾಪ್ ಆಚೆ ಇಳಿದು, ಅವಳು ಮನೆಯ ಕಡೆ ನಡೆದಳು. ಪ್ರತಿ ಅಂಗಡಿಯ ಮುಂದೆ ನಿಂತು, ಸೆರಗಿನ ಮರೆಯಲ್ಲಿ ಬೆರಳು ಆಡಿಸುತ್ತಿದ್ದಳು. ಹಾದುಹೋಗುವವರು ತಿರುಗಿ ನೋಡುತ್ತಿದ್ದರು. ಕೆಲವು ಬೋರ್ಡುಗಳು ಬಾಯಿ ಬಿಟ್ಟವು, ಹೆಚ್ಚಿನವು ಬಿಡಲಿಲ್ಲ. ಮನೆ ತಲುಪುವಾಗ ಬೀದಿ ದೀಪಗಳು ಹೊತ್ತಿದ್ದವು. ಗಂಡ ಕೆಳಗೆ ಗೇಟಿನ ಹತ್ತಿರವೇ ನಿಂತು ದಾರಿ ಕಾಯುತ್ತಿದ್ದ.